ಕೂಸಿನ ಮೊದಲ ಊಟದಲ್ಲಿ ಶೇಂಗಾ: ಅಲರ್ಜಿ ತಡೆಯುವ ಹೊಸ ತಿಳಿವಳಿಕೆ ಮತ್ತು ವರ್ತಕರ ಹೊಣೆ

ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳ ವ್ಯಾಪಾರ ಜೀವನದಲ್ಲಿ ಶೇಂಗಾಕ್ಕೆ ಇರುವ ಸ್ಥಾನವನ್ನು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಭತ್ತದ ಕ್ಷೇತ್ರ ವಿಸ್ತಾರಗೊಂಡಿದ್ದರೂ ತೊಗರಿ, ಹತ್ತಿ, ಹೆಸರುಗಳ ಜೊತೆಗೆ ಶೇಂಗಾ ಇಂದಿಗೂ ಈ ಭಾಗದ ಮುಖ್ಯ ವ್ಯಾಪಾರಿ ಬೆಳೆಗಳಲ್ಲಿ ಒಂದು. ಅಡತಿ ಅಂಗಡಿ, ಸಿಪ್ಪೆ ಬಿಡಿಸುವ ಘಟಕ, ಎಣ್ಣೆ ಗಿರಣಿ, ಚಟ್ನಿಪುಡಿ ಮತ್ತು ಚಿಕ್ಕಿ ತಯಾರಿಸುವ ಗೃಹೋದ್ಯಮ, ಹೀಗೆ ಹಲವು ಬಗೆಯ ಕಸುಬುಗಳು ಈ ಕಾಳನ್ನು ಅವಲಂಬಿಸಿವೆ.

ಇದೇ ಶೇಂಗಾವನ್ನು ಕುರಿತು ಒಂದು ಭಯ ಪಟ್ಟಣದ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. "ಶೇಂಗಾ, ಮೊಟ್ಟೆಗಳಿಂದ ಅಲರ್ಜಿಯಾಗುತ್ತದೆ, ಮಗುವಿಗೆ ಮೂರು ವರ್ಷ ತುಂಬುವವರೆಗೆ ಅವುಗಳನ್ನು ಮುಟ್ಟಿಸಬಾರದು" ಎಂಬುದೇ ಆ ಭಯ. ಈ ಮಾತು ಯಾರೋ ಕಲ್ಪಿಸಿಕೊಂಡದ್ದಲ್ಲ. ಒಂದು ಕಾಲದಲ್ಲಿ ಪಾಶ್ಚಾತ್ಯ ದೇಶಗಳ ವೈದ್ಯ ಸಂಸ್ಥೆಗಳೇ ನೀಡಿದ್ದ ಸಲಹೆಯ ನೆರಳು ಅದು. ಆದರೆ ಆ ಸಲಹೆ ತಪ್ಪೆಂದು ಸಾಬೀತಾಗಿ, ಅದನ್ನು ನೀಡಿದವರೇ ಹಿಂದಕ್ಕೆ ಪಡೆದು ಹಲವು ವರ್ಷಗಳಾಗಿವೆ. ಆಹಾರವನ್ನು ತಡೆಹಿಡಿಯುವುದರಿಂದ ಅಲರ್ಜಿ ತಪ್ಪುವುದಿಲ್ಲ. ಬದಲಾಗಿ ಸರಿಯಾದ ವಯಸ್ಸಿನಲ್ಲಿ, ಸರಿಯಾದ ರೂಪದಲ್ಲಿ ತಿನ್ನಿಸುವುದೇ ಅದನ್ನು ತಪ್ಪಿಸುವ ಮಾರ್ಗವೆಂಬುದು ಇಂದಿನ ವೈದ್ಯವಿಜ್ಞಾನದ ನಿಲುವು. ಈ ವಿಷಯವನ್ನು ತಂದೆತಾಯಿಗಳಾಗಿಯೂ, ಆಹಾರ ಪದಾರ್ಥಗಳ ವರ್ತಕರು ಮತ್ತು ತಯಾರಕರಾಗಿಯೂ ನಾವು ಅರಿಯಬೇಕಾದ ಅಗತ್ಯವಿದೆ.

ಅಲರ್ಜಿ ಎಂದರೇನು?

ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆ ರೋಗಾಣುಗಳನ್ನು ಗುರುತಿಸಿ ಎದುರಿಸುತ್ತದೆ. ಕೆಲವರಲ್ಲಿ ಅದು ನಿರುಪದ್ರವಿಯಾದ ಆಹಾರದ ಪ್ರೋಟೀನನ್ನೇ ವೈರಿಯೆಂದು ತಪ್ಪಾಗಿ ಗುರುತಿಸುತ್ತದೆ. ಅಂತಹವರು ಆ ಆಹಾರವನ್ನು ಸೇವಿಸಿದ ಕೆಲವು ನಿಮಿಷಗಳಿಂದ ಎರಡು ಗಂಟೆಗಳೊಳಗೆ ಮೈಮೇಲೆ ಪಿತ್ತಗಂಧೆ, ತುಟಿ ಮತ್ತು ಕಣ್ಣಿನ ರೆಪ್ಪೆಗಳ ಊತ, ವಾಂತಿ, ಕೆಮ್ಮು, ಉಬ್ಬಸ ಮುಂತಾದ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ತೀವ್ರವಾದಾಗ ಉಸಿರಾಟ ಕಟ್ಟಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಅಪಾಯವಾಗಬಹುದು. ಹಾಲು, ಮೊಟ್ಟೆ, ಶೇಂಗಾ, ಗೋಡಂಬಿಯಂತಹ ಬೀಜಗಳು, ಗೋಧಿ, ಸೋಯಾ, ಮೀನು, ಸೀಗಡಿ, ಎಳ್ಳು ಇವು ಅಲರ್ಜಿಗೆ ಕಾರಣವಾಗುವ ಪ್ರಮುಖ ಆಹಾರಗಳು.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು, ಎಣ್ಣೆ ತಿಂಡಿಯಿಂದ ಅಜೀರ್ಣವಾಗುವುದು ಮುಂತಾದವು ಅಲರ್ಜಿಯಲ್ಲ. ಈ ವ್ಯತ್ಯಾಸ ತಿಳಿಯದೆ ಒಳ್ಳೆಯ ಆಹಾರವನ್ನು ಬಿಡಿಸುವ ರೂಢಿ ಸರಿಯಲ್ಲ.

ಸಲಹೆ ತಿರುವುಮುರುವಾದ ಕಥೆ

1998ರಲ್ಲಿ ಬ್ರಿಟನ್ನಿನ ಆರೋಗ್ಯ ಇಲಾಖೆ, ಅಲರ್ಜಿಯ ಹಿನ್ನೆಲೆಯುಳ್ಳ ಕುಟುಂಬಗಳ ಮಕ್ಕಳಿಗೆ ಮೂರು ವರ್ಷದವರೆಗೆ ಶೇಂಗಾ ಕೊಡಬಾರದೆಂದು ಸಲಹೆ ನೀಡಿತು. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಅಪಾಯವುಳ್ಳ ಶಿಶುಗಳಿಗೆ ಹಾಲನ್ನು ಒಂದು ವರ್ಷ, ಮೊಟ್ಟೆಯನ್ನು ಎರಡು ವರ್ಷ, ಶೇಂಗಾವನ್ನು ಮೂರು ವರ್ಷ ದೂರವಿಡಲು ಹೇಳಿತು. ತಂದೆತಾಯಿಗಳು ಅದನ್ನು ಪಾಲಿಸಿದರು. ಆದರೆ ರೋಗ ಕಡಿಮೆಯಾಗಲಿಲ್ಲ. ಅಮೆರಿಕದ ಸಮೀಕ್ಷೆಗಳಲ್ಲಿ ಶೇಂಗಾ ಅಲರ್ಜಿಯುಳ್ಳ ಮಕ್ಕಳ ಪ್ರಮಾಣ 1997ರಲ್ಲಿ ಶೇಕಡಾ 0.4 ಇದ್ದುದು 2008ರ ವೇಳೆಗೆ ಶೇಕಡಾ 1.4ಕ್ಕೆ ಏರಿತು.

ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕ ಗಿಡಿಯನ್ ಲ್ಯಾಕ್ ಮತ್ತು ಸಹೋದ್ಯೋಗಿಗಳು ಒಂದು ಕುತೂಹಲಕರ ಸಂಗತಿಯನ್ನು ಗಮನಿಸಿದರು. ಇಸ್ರೇಲಿನಲ್ಲಿ ಶಿಶುಗಳು ಮೊದಲ ವರ್ಷದಲ್ಲೇ ಬಂಬಾ ಎಂಬ ಶೇಂಗಾ ತಿನಿಸನ್ನು ತಿನ್ನುತ್ತವೆ, ಬ್ರಿಟನ್ನಿನಲ್ಲಿ ತಿನ್ನುತ್ತಿರಲಿಲ್ಲ. ಎರಡೂ ದೇಶಗಳ ಯಹೂದಿ ಮಕ್ಕಳನ್ನು ಹೋಲಿಸಿ 2008ರಲ್ಲಿ ಪ್ರಕಟಿಸಿದ ವರದಿಯಂತೆ ಶೇಂಗಾ ಅಲರ್ಜಿ ಬ್ರಿಟನ್ನಿನಲ್ಲಿ ಶೇಕಡಾ 1.85 ಇದ್ದರೆ ಇಸ್ರೇಲಿನಲ್ಲಿ ಕೇವಲ ಶೇಕಡಾ 0.17 ಇತ್ತು.

ಇದನ್ನು ಪರೀಕ್ಷಿಸಲು ಅವರು ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಶಿಶುಗಳನ್ನು ಆರಿಸಿಕೊಂಡು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಐದು ವರ್ಷದವರೆಗೆ ವಾರಕ್ಕೆ ಕನಿಷ್ಠ ಮೂರು ಬಾರಿಯಂತೆ ಶೇಂಗಾ ತಿನ್ನಿಸಲಾಯಿತು. ಇನ್ನೊಂದು ಗುಂಪಿಗೆ ಪೂರ್ಣವಾಗಿ ನಿಷೇಧಿಸಲಾಯಿತು. 2015ರ ಫೆಬ್ರವರಿಯಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕವನ್ನು ಅಚ್ಚರಿಗೊಳಿಸಿತು. ಆರಂಭದ ಚರ್ಮ ಪರೀಕ್ಷೆಯಲ್ಲಿ ಶೇಂಗಾಕ್ಕೆ ಪ್ರತಿಕ್ರಿಯೆ ತೋರದಿದ್ದ ಮಕ್ಕಳ ಪೈಕಿ, ಶೇಂಗಾ ತಿನ್ನದವರಲ್ಲಿ ಶೇಕಡಾ 13.7 ಮಕ್ಕಳಿಗೆ ಅಲರ್ಜಿ ಬಂದಿತ್ತು. ತಿಂದವರಲ್ಲಿ ಕೇವಲ ಶೇಕಡಾ 1.9 ಮಕ್ಕಳಿಗೆ. ಇದೇ ಮಕ್ಕಳು ಹದಿವಯಸ್ಸಿಗೆ ಬಂದಾಗ ಪುನಃ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ವರದಿಯಲ್ಲಿಯೂ ಆ ರಕ್ಷಣೆ ಉಳಿದಿರುವುದು ಕಂಡುಬಂದಿತು.

ಮೊಟ್ಟೆಯ ವಿಷಯದಲ್ಲಿಯೂ ಜಪಾನಿನಿಂದ 2017ರಲ್ಲಿ ಇಂತಹುದೇ ಫಲಿತಾಂಶ ಬಂದಿತು. ಇಸುಬು ಇದ್ದ ಶಿಶುಗಳಿಗೆ ಚರ್ಮದ ಚಿಕಿತ್ಸೆಯೊಂದಿಗೆ ಆರನೆಯ ತಿಂಗಳಿನಿಂದ ಬೇಯಿಸಿದ ಮೊಟ್ಟೆಯ ಪುಡಿಯನ್ನು ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟಾಗ, ಒಂದು ವರ್ಷದ ವೇಳೆಗೆ ಅಲರ್ಜಿ ಶೇಕಡಾ 8ರಷ್ಟು ಮಕ್ಕಳಲ್ಲಿ ಮಾತ್ರ ಇತ್ತು. ಕೊಡದ ಗುಂಪಿನಲ್ಲಿ ಅದು ಶೇಕಡಾ 38 ಆಗಿತ್ತು. 2017ರಲ್ಲಿ ಅಮೆರಿಕ ತನ್ನ ಮಾರ್ಗಸೂಚಿಯನ್ನು ಬದಲಿಸಿ ಶೇಂಗಾವನ್ನು ಬೇಗನೆ ಪರಿಚಯಿಸುವಂತೆ ಹೇಳಿತು. 2025ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನವೊಂದರ ಪ್ರಕಾರ, ಆ ಬದಲಾವಣೆಯ ನಂತರ ಮೂರು ವರ್ಷದೊಳಗಿನ ಮಕ್ಕಳಲ್ಲಿ ಶೇಂಗಾ ಅಲರ್ಜಿ ಶೇಕಡಾ 40ಕ್ಕೂ ಹೆಚ್ಚು ಇಳಿದಿದೆ.

ಬಾಯಿಯ ದಾರಿ, ಚರ್ಮದ ದಾರಿ

ತಿಂದರೆ ರಕ್ಷಣೆ ಹೇಗೆ ದೊರೆಯುತ್ತದೆ? ಆಹಾರ ಬಾಯಿಯ ಮೂಲಕ ಕರುಳನ್ನು ತಲುಪಿದಾಗ ರೋಗನಿರೋಧಕ ವ್ಯವಸ್ಥೆ ಅದನ್ನು ಮಿತ್ರನೆಂದು ಕಲಿಯುತ್ತದೆ. ಅದೇ ಆಹಾರದ ಕಣಗಳು ಬಿರಿದ, ಉರಿಯೂತವಿರುವ ಚರ್ಮದ ಮೂಲಕ ಒಳಹೊಕ್ಕರೆ ವೈರಿಯೆಂದು ಕಲಿಯುತ್ತದೆ. ಯಾವ ದಾರಿ ಮೊದಲು ತೆರೆಯುತ್ತದೆ ಎಂಬುದೇ ಮುಖ್ಯ. ವೈದ್ಯರು ಎಕ್ಸಿಮಾ ಎಂದು ಕರೆಯುವ ಇಸುಬು ಇರುವ ಕೂಸುಗಳಿಗೆ ಆಹಾರದ ಅಲರ್ಜಿ ಹೆಚ್ಚಾಗಿ ಬರುವುದಕ್ಕೆ ಕಾರಣವೂ ಇದೇ.

ಈ ಅಂಶ ನಮ್ಮ ಓದುಗರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಮನೆಯ ಧೂಳಿನಲ್ಲಿ ಶೇಂಗಾ ಪ್ರೋಟೀನಿನ ಪ್ರಮಾಣ ಹೆಚ್ಚಿದ್ದರೆ, ಇಸುಬು ಇರುವ ಮಕ್ಕಳಿಗೆ ಶೇಂಗಾ ಅಲರ್ಜಿಯ ಅಪಾಯ ಹೆಚ್ಚುತ್ತದೆಂದು ಪಾಶ್ಚಾತ್ಯ ಅಧ್ಯಯನಗಳು ತೋರಿಸಿವೆ. ಅಂಗಡಿಯ ಮೇಲಂತಸ್ತಿನಲ್ಲಿ ಅಥವಾ ಗಿರಣಿಯ ಆವರಣದಲ್ಲಿಯೇ ವಾಸವಿರುವ ಕುಟುಂಬಗಳಲ್ಲಿ ಶೇಂಗಾದ ಧೂಳು ಬಟ್ಟೆ, ಕೈ, ಹಾಸಿಗೆಗಳಿಗೆ ಅಂಟುವುದು ಸಹಜ. ಅಂತಹ ಮನೆಯಲ್ಲಿ ಕೂಸಿನ ಬಾಯಿಗೆ ಶೇಂಗಾ ಕೊಡದೆ ದೂರವಿಟ್ಟೆವೆಂದುಕೊಂಡರೂ, ಚರ್ಮಕ್ಕೆ ಅದು ತಲುಪಿಯೇ ಇರುತ್ತದೆ. ಆದ್ದರಿಂದ ಗಿರಣಿಯಿಂದ ಬಂದವರು ಕೈಕಾಲು ತೊಳೆದು ಬಟ್ಟೆ ಬದಲಿಸಿ ಕೂಸನ್ನು ಎತ್ತಿಕೊಳ್ಳುವುದು, ಇಸುಬಿಗೆ ವೈದ್ಯರಿಂದ ಬೇಗನೆ ಚಿಕಿತ್ಸೆ ಕೊಡಿಸುವುದು ಮತ್ತು ತಿನ್ನಿಸುವುದನ್ನು ವಿಳಂಬ ಮಾಡದಿರುವುದು ಒಳಿತು. ಹಾಗೆಯೇ ಇಸುಬು ಇರುವ ಕೂಸಿನ ಮೈಗೆ ಗಾಣದ ಶೇಂಗಾ ಎಣ್ಣೆಯನ್ನು ತಿಕ್ಕಬಾರದು. ಶುದ್ಧೀಕರಿಸಿದ ಎಣ್ಣೆಯಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಗಾಣದ ಎಣ್ಣೆಯಲ್ಲಿ ಸ್ವಲ್ಪ ಉಳಿದಿರುತ್ತದೆ.

ನಮ್ಮ ನಾಡಿನ ಪರಿಸ್ಥಿತಿ

ಕರ್ನಾಟಕದಲ್ಲಿಯೇ ಈ ಕುರಿತು ಮಹತ್ವದ ಅಧ್ಯಯನ ನಡೆದಿದೆ. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಐರೋಪ್ಯ ಸಹಯೋಗದಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇಕಡಾ 26.5 ಜನರ ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ವಿರುದ್ಧವಾದ ಪ್ರತಿಕಾಯಗಳಿದ್ದವು. ಆದರೆ ನಿಜವಾದ ಅಲರ್ಜಿ ಇರುವ ಸಂಭವವಿದ್ದವರು ಕೇವಲ ಶೇಕಡಾ 1.2. ಇದೇ ಯೋಜನೆಯಡಿ ಚೀನಾ, ರಷ್ಯಾ ಮತ್ತು ಭಾರತದ ಶಾಲಾ ಮಕ್ಕಳನ್ನು ಹೋಲಿಸಿ 2020ರಲ್ಲಿ ಪ್ರಕಟವಾದ ವರದಿಯಲ್ಲಿ ಅತಿ ಕಡಿಮೆ ಪ್ರಮಾಣ ಭಾರತದ ಮಕ್ಕಳದ್ದಾಗಿತ್ತು: ಶೇಕಡಾ 0.14.

ಈ ಅಂಕಿಗಳಿಂದ ಎರಡು ಪಾಠಗಳಿವೆ. ಮೊದಲನೆಯದು, ರಕ್ತಪರೀಕ್ಷೆಯ ವರದಿಯಲ್ಲಿ "ಪಾಸಿಟಿವ್" ಎಂದಿದ್ದ ಮಾತ್ರಕ್ಕೆ ಅಲರ್ಜಿ ಇದೆ ಎಂದಾಗುವುದಿಲ್ಲ. ಹತ್ತಾರು ಪದಾರ್ಥಗಳಿಗೆ ಒಮ್ಮೆಲೇ ಮಾಡುವ ಪರೀಕ್ಷೆಯನ್ನು ನಂಬಿ, ತಿಂದು ಅರಗಿಸಿಕೊಳ್ಳುತ್ತಿರುವ ಮಗುವಿಗೆ ಆಹಾರ ಬಿಡಿಸುವುದು ಅಪಾಯಕರ. ಎರಡನೆಯದು, ಅಲರ್ಜಿ ನಮ್ಮಲ್ಲಿ ಇನ್ನೂ ವಿರಳವಾಗಿರುವ ರೋಗ, ಅಪೌಷ್ಟಿಕತೆ ವಿರಳವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳು ರಾಜ್ಯದಲ್ಲಿಯೇ ಅತಿ ಹೆಚ್ಚಾಗಿರುವ ಜಿಲ್ಲೆಗಳ ಸಾಲಿನಲ್ಲಿ ಯಾದಗಿರಿ ನಿಂತಿದೆ. ಈ ಕಾರಣದಿಂದಲೇ 2021ರ ಡಿಸೆಂಬರಿನಲ್ಲಿ ಶಾಲೆಯ ಬಿಸಿಯೂಟದೊಂದಿಗೆ ಮೊಟ್ಟೆ ನೀಡುವ ಕಾರ್ಯಕ್ರಮವನ್ನು ಮೊದಲು ಆರಂಭಿಸಿದ ಜಿಲ್ಲೆಗಳಲ್ಲಿ ನಮ್ಮದೂ ಸೇರಿತ್ತು. ಇಂತಹ ಜಿಲ್ಲೆಯಲ್ಲಿ ಅಗ್ಗವಾಗಿ, ಮನೆಯ ಬಾಗಿಲಲ್ಲೇ ದೊರೆಯುವ, ನಾಲ್ಕನೆಯ ಒಂದು ಭಾಗ ಪ್ರೋಟೀನೇ ಆಗಿರುವ ಶೇಂಗಾವನ್ನು ಆಧಾರವಿಲ್ಲದ ಭಯದಿಂದ ಎಳೆಯ ಮಕ್ಕಳಿಗೆ ತಪ್ಪಿಸಿದರೆ ನಷ್ಟ ಇಮ್ಮಡಿ: ಪೋಷಣೆಯೂ ಹೋಯಿತು, ರಕ್ಷಣೆಯೂ ಹೋಯಿತು.

ತಿನ್ನಿಸುವ ಕ್ರಮ

ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ನಮ್ಮ ದೇಶದ ಮಾರ್ಗಸೂಚಿ. ಬೇಗನೆ ತಿನ್ನಿಸುವುದು ಎಂದರೆ ಆ ಅವಧಿಯನ್ನು ಮೊಟಕುಗೊಳಿಸುವುದಲ್ಲ. ಆರು ತಿಂಗಳಾದ ಮೇಲೆ ಅನಗತ್ಯವಾಗಿ ಕಾಯದಿರುವುದು. ಎದೆಹಾಲನ್ನು ಮುಂದುವರಿಸುತ್ತಲೇ ಮೊದಲು ಜೋಳ, ರಾಗಿ ಅಥವಾ ಅಕ್ಕಿಯ ಗಂಜಿ, ನುಣ್ಣಗೆ ಕಿವುಚಿದ ಅನ್ನ-ಬೇಳೆಗಳನ್ನು ರೂಢಿಸಿ, ಅನಂತರ ಶೇಂಗಾವನ್ನು ಸೇರಿಸಬಹುದು.

ಹುರಿದು, ಸಿಪ್ಪೆ ತೆಗೆದು, ಕಾಳಿನ ಚೂರು ಉಳಿಯದಂತೆ ನುಣ್ಣಗೆ ಪುಡಿ ಮಾಡಿದ ಶೇಂಗಾವನ್ನು ಗಂಜಿಯಲ್ಲಿ ಚೆನ್ನಾಗಿ ಕಲಸಬೇಕು. ಖಾರ, ಉಪ್ಪು, ಬೆಲ್ಲ ಬೇಡ. ಮೊದಲ ದಿನ ಕೂಸು ಆರೋಗ್ಯವಾಗಿರುವಾಗ, ಹಗಲು ಹೊತ್ತಿನಲ್ಲಿ ಚಮಚದ ತುದಿಯಷ್ಟು ಕೊಟ್ಟು ಹತ್ತು ನಿಮಿಷ ಕಾದು, ಏನೂ ತೊಂದರೆ ಇಲ್ಲದಿದ್ದರೆ ಉಳಿದದ್ದನ್ನು ನಿಧಾನವಾಗಿ ತಿನ್ನಿಸಿ, ಎರಡು ಗಂಟೆ ಗಮನಿಸಬೇಕು. ಕ್ರಮೇಣ ಹೆಚ್ಚಿಸುತ್ತಾ ಒಮ್ಮೆಗೆ ಸುಮಾರು 8 ಗ್ರಾಂ, ಅಂದರೆ ಎರಡೂವರೆ ಚಹಾ ಚಮಚದಷ್ಟು ಪುಡಿಯನ್ನು ವಾರಕ್ಕೆ ಮೂರು ಬಾರಿ ಕೊಡಬಹುದು. ಒಮ್ಮೆ ಕೊಟ್ಟು ತಿಂಗಳುಗಟ್ಟಲೆ ಬಿಟ್ಟರೆ ಪ್ರಯೋಜನವಿಲ್ಲ. ಕ್ರಮ ತಪ್ಪದಿರುವುದೇ ಮುಖ್ಯ. ಮೊಟ್ಟೆ ತಿನ್ನುವ ಕುಟುಂಬಗಳು ಪೂರ್ಣವಾಗಿ ಬೇಯಿಸಿದ ಮೊಟ್ಟೆಯನ್ನೂ ಇದೇ ರೀತಿ ಬೇರೊಂದು ದಿನ ಪರಿಚಯಿಸಬಹುದು. ಒಂದು ಹೊಸ ಪದಾರ್ಥವನ್ನು ಆರಂಭಿಸಿದ ದಿನ ಇನ್ನೊಂದನ್ನು ಆರಂಭಿಸಬಾರದು.

ಇಡಿಯ ಅಥವಾ ಒಡೆದ ಶೇಂಗಾ ಕಾಳನ್ನು ಐದು ವರ್ಷದೊಳಗಿನ ಮಕ್ಕಳಿಗೆ ಎಂದೂ ಕೊಡಬಾರದು. ಶ್ವಾಸನಾಳದಲ್ಲಿ ಸಿಕ್ಕಿಕೊಂಡು ಪ್ರಾಣಾಪಾಯವಾಗುತ್ತದೆ. ಗಟ್ಟಿ ಶೇಂಗಾ ಉಂಡೆ ಮತ್ತು ಚಿಕ್ಕಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ತೀವ್ರ ಇಸುಬು ಇರುವ ಅಥವಾ ಈಗಾಗಲೇ ಮೊಟ್ಟೆಯಂತಹ ಆಹಾರಕ್ಕೆ ಅಲರ್ಜಿ ತೋರಿದ ಶಿಶುವಿನ ವಿಷಯದಲ್ಲಿ ಮನೆಯಲ್ಲಿ ಪ್ರಯೋಗ ಸಲ್ಲದು. ಮಕ್ಕಳ ವೈದ್ಯರ ಸಲಹೆ ಪಡೆದೇ ಆರಂಭಿಸಬೇಕು. ಯಾವುದೇ ಕೂಸಿಗೆ ತಿಂದ ಬಳಿಕ ಉಸಿರಾಟದ ತೊಂದರೆ, ಪದೇ ಪದೇ ವಾಂತಿ, ನಿಸ್ತೇಜತೆ ಕಂಡರೆ 108ಕ್ಕೆ ಕರೆ ಮಾಡಿ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಅಡ್ರಿನಲಿನ್ ಚುಚ್ಚುಮದ್ದು ಇದಕ್ಕೆ ಮುಖ್ಯ ಚಿಕಿತ್ಸೆ. ಮನೆಮದ್ದಿನಲ್ಲಿ ಸಮಯ ಕಳೆಯುವಂತಿಲ್ಲ.

ವರ್ತಕರು ಮತ್ತು ತಯಾರಕರು ಗಮನಿಸಬೇಕಾದುದು

ಶೇಂಗಾ ಶಿಶುವಿನ ಬಟ್ಟಲನ್ನು ಸೇರಬೇಕಾದರೆ ಅದು ಬೂಸ್ಟು ಹಿಡಿದಿರಬಾರದು. ಬೂಸ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಯಕೃತ್ತಿಗೆ ಹಾನಿಕರವಾದ, ಕ್ಯಾನ್ಸರಿಗೂ ಕಾರಣವಾಗುವ ವಿಷ. ಹುರಿದರೂ ಅದು ಪೂರ್ತಿ ನಾಶವಾಗುವುದಿಲ್ಲ. ನಮ್ಮ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ನೇರವಾಗಿ ತಿನ್ನುವ ಶೇಂಗಾದಲ್ಲಿ ಕಿಲೋಗೆ 10 ಮೈಕ್ರೋಗ್ರಾಂ, ಮುಂದೆ ಸಂಸ್ಕರಿಸಲಿರುವ ಸರಕಿನಲ್ಲಿ 15 ಮೈಕ್ರೋಗ್ರಾಂ ಮಿತಿಯನ್ನು ವಿಧಿಸಿದೆ. ಕಾಯಿಯ ತೇವಾಂಶ ಶೇಕಡಾ 8-9ಕ್ಕೆ ಇಳಿಯುವವರೆಗೆ ಒಣಗಿಸುವುದು, ಚೀಲಗಳನ್ನು ನೆಲಕ್ಕೆ ಹಾಕದೆ ಹಲಗೆಯ ಮೇಲೆ ಒಟ್ಟುವುದು, ಸಿಪ್ಪೆ ಸುಲಭವಾಗಿ ಬಿಡಲೆಂದು ಕಾಯಿಗೆ ನೀರು ಚಿಮುಕಿಸುವ ಪದ್ಧತಿಯನ್ನು ಬಿಡುವುದು, ಬಣ್ಣಗೆಟ್ಟ, ಮುರುಟಿದ, ಹುಳು ತಿಂದ ಕಾಳನ್ನು ಆರಿಸಿ ತೆಗೆಯುವುದು, ಇವಿಷ್ಟರಿಂದಲೇ ವಿಷದ ಪ್ರಮಾಣ ಗಣನೀಯವಾಗಿ ತಗ್ಗುತ್ತದೆ. ಹಾಗೆ ಆರಿಸಿ ತೆಗೆದ ಕಾಳನ್ನು ಅಗ್ಗದ ಚಟ್ನಿಪುಡಿಗೆ ಬೆರೆಸುವುದು ಲಾಭವಲ್ಲ, ದ್ರೋಹ.

ಎರಡನೆಯದು ಲೇಬಲ್. ಅಲರ್ಜಿ ವಿರಳವಾಗಿದ್ದರೂ, ಅದು ಇರುವ ಮಗುವಿಗೆ ಪೊಟ್ಟಣದ ಮೇಲಿನ ಒಂದು ಸಾಲು ಜೀವರಕ್ಷಕ. 2020ರ ಲೇಬಲಿಂಗ್ ನಿಯಮಾವಳಿಯಂತೆ ಗ್ಲುಟೆನ್ ಇರುವ ಧಾನ್ಯ, ಸೀಗಡಿ-ಏಡಿ ವರ್ಗದ ಜಲಚರ, ಹಾಲು, ಮೊಟ್ಟೆ, ಮೀನು, ಶೇಂಗಾ ಮತ್ತು ಗೋಡಂಬಿಯಂತಹ ಬೀಜಗಳು, ಸೋಯಾ ಹಾಗೂ ಕಿಲೋಗೆ 10 ಮಿಲಿಗ್ರಾಂ ಮತ್ತು ಅದಕ್ಕಿಂತ ಹೆಚ್ಚಿನ ಸಲ್ಫೈಟ್ ಇದ್ದರೆ ಅದನ್ನು ಪೊಟ್ಟಣದ ಮೇಲೆ ಘೋಷಿಸುವುದು ಕಡ್ಡಾಯ. ಪದಾರ್ಥದಲ್ಲಿ ನೇರವಾಗಿ ಸೇರಿದ್ದರೆ "ಒಳಗೊಂಡಿದೆ" ಎಂದೂ, ಒಂದೇ ಯಂತ್ರದಲ್ಲಿ ತಯಾರಿಸಿದ್ದರಿಂದ ಬೆರೆತಿರುವ ಸಂಭವವಿದ್ದರೆ "ಇರಬಹುದು" ಎಂದೂ ಬರೆಯಬೇಕು. ಶೇಂಗಾ ಚಟ್ನಿ ಬೀಸಿದ ಗಿರಣಿಯಲ್ಲಿಯೇ ಪುಟಾಣಿ ಚಟ್ನಿ ಬೀಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಲೇಬಲ್ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕೆಂಬ ನಿಯಮವಿದ್ದರೂ ಜೊತೆಗೆ ಕನ್ನಡದಲ್ಲಿಯೂ ಮುದ್ರಿಸಿದರೆ ನಮ್ಮ ಗಿರಾಕಿಗೆ ಅದು ಉಪಯುಕ್ತ. ಅಮೆರಿಕಕ್ಕೆ ಸರಕು ಕಳುಹಿಸುವವರು 2023ರ ಜನವರಿ 1ರಿಂದ ಅಲ್ಲಿ ಎಳ್ಳನ್ನೂ ಘೋಷಿಸಬೇಕೆಂಬುದನ್ನು ನೆನಪಿಡಬೇಕು.

ಮೂರನೆಯದು ಒಂದು ಎಚ್ಚರಿಕೆ. ಈ ಲೇಖನ ಓದಿ "ಶಿಶುಗಳಿಗಾಗಿ ಶೇಂಗಾ ಪುಡಿ" ಎಂಬ ಪೊಟ್ಟಣವನ್ನು ಮಾರುಕಟ್ಟೆಗೆ ಬಿಡುವ ಆಲೋಚನೆ ಯಾರಿಗಾದರೂ ಬಂದೀತು. ಎದೆಹಾಲಿಗೆ ಪೂರಕವೆಂದು ಆರು ತಿಂಗಳಿನಿಂದ ಎರಡು ವರ್ಷದವರೆಗಿನ ಮಕ್ಕಳಿಗಾಗಿ ಮಾರುವ ಯಾವುದೇ ಆಹಾರ 1992ರ ಶಿಶು ಆಹಾರ ಕಾಯ್ದೆ ಮತ್ತು ಅದರ 2003ರ ತಿದ್ದುಪಡಿಯ ವ್ಯಾಪ್ತಿಗೆ ಬರುತ್ತದೆ. ಅಂತಹ ಆಹಾರದ ಜಾಹೀರಾತು ಪೂರ್ಣ ನಿಷಿದ್ಧ. ಪೊಟ್ಟಣದ ಮೇಲೆ ತಾಯಿ ಅಥವಾ ಕೂಸಿನ ಚಿತ್ರ ಹಾಕುವಂತಿಲ್ಲ. ಉಚಿತ ಮಾದರಿ ಹಂಚುವಂತಿಲ್ಲ. ಉಲ್ಲಂಘನೆಗೆ ಸೆರೆವಾಸದವರೆಗೂ ಶಿಕ್ಷೆಯಿದೆ. ಶಿಶು ಆಹಾರದ ತಯಾರಿಕೆಗೆ 2020ರ ಪ್ರತ್ಯೇಕ ನಿಯಮಾವಳಿಯೂ ಇದೆ. ಸಣ್ಣ ತಯಾರಕರು ಎಲ್ಲರೂ ತಿನ್ನುವ ಶುದ್ಧ ಶೇಂಗಾವನ್ನು ಪ್ರಾಮಾಣಿಕವಾಗಿ ಮಾರಿದರೆ ಸಾಕು. ಕೂಸಿಗೆ ಬೇಕಾದಂತೆ ಅದನ್ನು ಪುಡಿ ಮಾಡಿಕೊಳ್ಳುವುದು ಮನೆಯ ಕೆಲಸ.

ಗುಣಮಟ್ಟದ ಅಲಕ್ಷ್ಯ ಮಾರುಕಟ್ಟೆಯನ್ನೇ ಕಳೆಯುತ್ತದೆ ಎಂಬುದಕ್ಕೆ ದೂರದ ನಿದರ್ಶನ ಬೇಕಿಲ್ಲ. ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣಿನ ಜೊತೆಗೆ ಶೇಂಗಾ ಚಿಕ್ಕಿಯೂ ಆಯ್ಕೆಯಾಗಿತ್ತು. ಸಕ್ಕರೆಯ ಪ್ರಮಾಣ, ಸರಿಯಲ್ಲದ ಸಂಗ್ರಹಣೆ ಮತ್ತು ಅವಧಿ ಮೀರಿದ ಚಿಕ್ಕಿಯ ವಿತರಣೆ ಕುರಿತ ವರದಿಗಳ ನಂತರ 2025ರಲ್ಲಿ ರಾಜ್ಯ ಸರ್ಕಾರ ಚಿಕ್ಕಿಯನ್ನು ಕೈಬಿಟ್ಟಿತು. ಶೇಂಗಾ ಬೆಳೆಯುವ ಜಿಲ್ಲೆಗಳ ತಯಾರಕರಿಗೆ ಇದ್ದ ಒಂದು ಅವಕಾಶ ಹೀಗೆ ಮುಚ್ಚಿತು.

ಮಕ್ಕಳ ಆಹಾರವೆಂದರೆ ಪುನಃ ಕಳೆದುಕೊಳ್ಳಲಾಗದ ನಂಬಿಕೆಯ ವ್ಯವಹಾರ. ಆರು ತಿಂಗಳು ತುಂಬಿದ ಕೂಸಿಗೆ ನುಣ್ಣನೆಯ ಶೇಂಗಾ ತಿನ್ನಿಸಲು ಹಿಂಜರಿಯಬೇಕಿಲ್ಲವೆಂದು ನೆರೆಹೊರೆಯವರಿಗೆ ತಿಳಿಹೇಳುವುದು, ನಮ್ಮ ಅಂಗಡಿಯಿಂದ ಹೋಗುವ ಪ್ರತಿ ಚೀಲವೂ ಒಂದು ಕೂಸಿನ ಬಟ್ಟಲಿಗೆ ಯೋಗ್ಯವಾಗಿರುವಂತೆ ನೋಡಿಕೊಳ್ಳುವುದು, ಈ ಎರಡೂ ಕಾರ್ಯಗಳನ್ನು ನಮ್ಮ ವರ್ತಕ ಬಂಧುಗಳು ಇದೇ ಹಂಗಾಮಿನಿಂದ ಆರಂಭಿಸಬಹುದಾಗಿದೆ.